ಹೆವಿ ಲೈಸೆನ್ಸ್ ಬೇಕಾ, ಬೇಡವಾ? ಲಾರಿ ಸೀಮೆಯ ಗೊಂದಲ ಮತ್ತು ಕಾನೂನಿನ ನಿಜವಾದ ಮಾತು

ಲಾರಿಯನ್ನೇ ನಂಬಿ ಬದುಕುವ ಮನೆಗಳು ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಊರೂರಿಗೂ ಇವೆ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು, ಗಿಣಿಗೇರಾದ ಸ್ಪಂಜ್ ಐರನ್, ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ, ಶಕ್ತಿನಗರದ ಹಾರುಬೂದಿ, ರಾಯಚೂರಿನ ಹತ್ತಿ. ಇವನ್ನೆಲ್ಲ ಹೊತ್ತು ಸಾಗಿಸುವವರು ಇಲ್ಲಿನ ಡ್ರೈವರ್‌ಗಳು. ಇಂಥ ಸೀಮೆಯಲ್ಲಿ ಎರಡು ಸುದ್ದಿಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿ ಜನರನ್ನು ಗೊಂದಲಕ್ಕೆ ಕೆಡವಿವೆ.

ಮೊದಲನೆಯದು: "ಲಾರಿ ಓಡಿಸೋಕೆ ಬೇರೆ ಲೈಸೆನ್ಸ್ ಬೇಡ, ಕಾರಿನ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ." ಎರಡನೆಯದು: "ಇನ್ನು ಆರ್‌ಟಿಒ ಟೆಸ್ಟ್ ಇಲ್ಲ, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಕೊಟ್ಟರೆ ಲೈಸೆನ್ಸ್ ಕೈಗೆ ಬರುತ್ತೆ." ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಆ ಸ್ವಲ್ಪವನ್ನೇ ಪೂರ್ತಿ ಅಂದುಕೊಂಡು ಹುಡುಗನ ಕೈಗೆ ಟಿಪ್ಪರ್ ಕೀಲಿ ಕೊಟ್ಟರೆ ಕೆಡುವುದು ಒಂದು ಇಡೀ ಮನೆ. ಹಾಗಾಗಿ ಯಾವುದು ಬದಲಾಗಿದೆ, ಯಾವುದು ಹಾಗೇ ಇದೆ ಅನ್ನುವುದನ್ನು ಬಿಡಿಸಿ ನೋಡಬೇಕು.

ಸುಪ್ರೀಂ ಕೋರ್ಟ್ ನಿಜಕ್ಕೂ ಹೇಳಿದ್ದೇನು

ಗೊಂದಲದ ಬೇರು 1994ರಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು ಮಧ್ಯಮ ಸರಕು ವಾಹನ, ಭಾರಿ ಸರಕು ವಾಹನ, ಮಧ್ಯಮ ಪ್ರಯಾಣಿಕ ವಾಹನ, ಭಾರಿ ಪ್ರಯಾಣಿಕ ವಾಹನ ಅಂತ ಲೈಸೆನ್ಸಿನ ವರ್ಗಗಳು ಬೇರೆ ಬೇರೆ ಇದ್ದವು. 1994ರ ತಿದ್ದುಪಡಿ ಈ ನಾಲ್ಕನ್ನೂ ತೆಗೆದು 'ಟ್ರಾನ್ಸ್‌ಪೋರ್ಟ್ ವಾಹನ' ಅನ್ನುವ ಒಂದೇ ವರ್ಗ ಮಾಡಿತು. ಅದರ ಪಕ್ಕದಲ್ಲೇ 'ಲಘು ವಾಹನ', ಅಂದರೆ ಎಲ್‌ಎಂವಿ, ಹಾಗೇ ಉಳಿಯಿತು.

ಇಲ್ಲೇ ಪೇಚು ಶುರುವಾದದ್ದು. ಟಾಟಾ ಏಸ್ ಲಘು ವಾಹನವೂ ಹೌದು, ಬಾಡಿಗೆಗೆ ಸರಕು ಸಾಗಿಸುವುದರಿಂದ ಟ್ರಾನ್ಸ್‌ಪೋರ್ಟ್ ವಾಹನವೂ ಹೌದು. ಅದಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕಾ, ಇಲ್ಲ ಅದರ ಮೇಲೆ ಟ್ರಾನ್ಸ್‌ಪೋರ್ಟ್ ಅಂತ ಬೇರೆ ನಮೂದು ಬೇಕಾ? ಅಪಘಾತ ಆದಾಗಲೆಲ್ಲ ವಿಮಾ ಕಂಪನಿಗಳು ಎತ್ತುತ್ತಿದ್ದದ್ದು ಇದೇ ಪ್ರಶ್ನೆ. "ಡ್ರೈವರ್ ಬಳಿ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಇರಲಿಲ್ಲ, ಪರಿಹಾರ ಕೊಡುವ ಹೊಣೆ ನಮ್ಮದಲ್ಲ" ಅನ್ನುವುದು ಅವರ ವಾದ.

2017ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೇರೆ ನಮೂದು ಬೇಡ ಅಂದಿತು. ಅದರಂತೆ ನಡೆಯಿರಿ ಎಂದು ಕೇಂದ್ರ ಸಾರಿಗೆ ಇಲಾಖೆ 2018ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ವಿಮಾ ಕಂಪನಿಗಳು ಒಪ್ಪಲಿಲ್ಲ. ವಿಷಯ ಐವರ ಸಂವಿಧಾನ ಪೀಠದ ಮುಂದೆ ಬಂತು. 2024ರ ನವೆಂಬರ್ 6ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಆ ಪೀಠ 2017ರ ನಿಲುವನ್ನೇ ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾ. ಹೃಷಿಕೇಶ್ ರಾಯ್.

ತೀರ್ಪಿನ ತಿರುಳು ಇಷ್ಟು: ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇರುವವರು ಓಡಿಸಬಹುದು. ಅದು ಬಾಡಿಗೆ ವಾಹನ ಆಗಿದ್ದರೂ ಪ್ರತ್ಯೇಕ ನಮೂದು ಬೇಕಿಲ್ಲ. ಟ್ರಾನ್ಸ್‌ಪೋರ್ಟ್ ವಾಹನಕ್ಕೆಂದು ಕಾಯ್ದೆಯಲ್ಲೂ ನಿಯಮಗಳಲ್ಲೂ ಇರುವ ಹೆಚ್ಚಿನ ಷರತ್ತುಗಳು 7,500 ಕೆ.ಜಿ. ಮೀರಿದ ವಾಹನಗಳಿಗೆ ಮಾತ್ರ ಅನ್ವಯ.

ಕಂಪನಿಗಳು ರಸ್ತೆ ಸುರಕ್ಷತೆಯ ಮಾತು ಎತ್ತಿದ್ದವು. ದೇಶದಲ್ಲಿ 2023ರ ಒಂದೇ ವರ್ಷ ರಸ್ತೆ ಅಪಘಾತಕ್ಕೆ 1.7 ಲಕ್ಷಕ್ಕೂ ಹೆಚ್ಚು ಜನ ಬಲಿಯಾಗಿದ್ದಾರೆ, ಹಾಗಾಗಿ ಅದು ಸಣ್ಣ ಮಾತಲ್ಲ. ಆದರೆ ಎಲ್‌ಎಂವಿ ಲೈಸೆನ್ಸಿನವರು ಸಣ್ಣ ಸರಕು ವಾಹನ ಓಡಿಸಿದ್ದರಿಂದಲೇ ಅಪಘಾತ ಹೆಚ್ಚಾಗಿವೆ ಅನ್ನಲು ಕಂಪನಿಗಳು ಅಂಕಿಅಂಶ ಕೊಟ್ಟಿಲ್ಲ ಎಂದು ಪೀಠ ಗುರುತಿಸಿತು. ಇನ್ನೊಂದು ಕಡೆ, ದಿನದ ಹೆಚ್ಚು ಹೊತ್ತು ಸ್ಟೇರಿಂಗ್ ಹಿಡಿದೇ ಕಳೆಯುವ ಡ್ರೈವರ್‌ಗಳ ಹೊಟ್ಟೆಪಾಡು ಅದರ ಕಣ್ಣ ಮುಂದಿತ್ತು.

7,500 ಕೆ.ಜಿ. ಅಂದರೆ ಎಷ್ಟು ದೊಡ್ಡ ಗಾಡಿ?

ಸುದ್ದಿ ಹಾದಿ ತಪ್ಪಿದ್ದು ಇಲ್ಲೇ. 'ಸರಕು ವಾಹನ' ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗುತ್ತಾ 'ಲಾರಿ' ಆಯಿತು. ನಮ್ಮ ಕಡೆ ಲಾರಿ ಅಂದರೆ ಅದಿರು ಹೊರುವ ಟಿಪ್ಪರ್, ಹತ್ತು ಗಾಲಿಯದು, ಹನ್ನೆರಡು ಗಾಲಿಯದು. ಇವುಗಳಲ್ಲಿ ಒಂದೂ ಈ ತೀರ್ಪಿನ ರಿಯಾಯಿತಿಗೆ ಸೇರುವುದಿಲ್ಲ.

ಲೆಕ್ಕ ನೋಡಿ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿ ಏರಿಸಿತು. ಎರಡು ಆಕ್ಸಲ್‌ನ ಆರು ಗಾಲಿ ಲಾರಿಗೆ ಒಟ್ಟು ತೂಕದ ಮಿತಿ 16.2 ಟನ್‌ನಿಂದ 18.5 ಟನ್‌ಗೆ ಹೋಯಿತು. ಮೂರು ಆಕ್ಸಲ್‌ನ ಹತ್ತು ಗಾಲಿಯದಕ್ಕೆ 25ರಿಂದ 28.5 ಟನ್. ಎಲ್‌ಎಂವಿ ಮಿತಿ ಏಳೂವರೆ ಟನ್. ಅಂದರೆ ಹತ್ತು ಗಾಲಿಯ ಟಿಪ್ಪರ್ ಆ ಮಿತಿಯ ಮೂರು ಪಟ್ಟಿಗಿಂತಲೂ ಜಾಸ್ತಿ ಭಾರದ್ದು. ಆ ಭಾರದ ಗಾಡಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವ ರೀತಿ, ತಿರುವಿನಲ್ಲಿ ವಾಲುವ ರೀತಿ ಪಿಕಪ್ ಗಾಡಿಗಿಂತ ಪೂರ್ತಿ ಬೇರೆ. ಸಂಡೂರು ಘಾಟಿನಲ್ಲಿ ಲೋಡ್ ಗಾಡಿ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಿತಿಯೊಳಗೆ ಬರುವವು ಟಾಟಾ ಏಸ್, ಬೊಲೆರೊ ಪಿಕಪ್‌ನಂಥ ಗಾಡಿಗಳು. ಐಷರ್‌ನಂಥ ಮಧ್ಯಮ ಗಾತ್ರದವುಗಳಲ್ಲಿ ಕೆಲವು ಮಾಡೆಲ್ ಒಳಗೆ, ಕೆಲವು ಹೊರಗೆ. ಅಂದಾಜಿನ ಮೇಲೆ ಹೋಗಬಾರದು, ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ನೋಡಬೇಕು. ಅದರಲ್ಲಿ ಖಾಲಿ ತೂಕ, ಲೋಡ್ ಸಹಿತ ಒಟ್ಟು ತೂಕ ಅಂತ ಎರಡು ಅಂಕಿ ಇರುತ್ತವೆ. ಸರಕು ವಾಹನಕ್ಕೆ ಲೆಕ್ಕಕ್ಕೆ ಬರುವುದು ಎರಡನೆಯದು. ಅವತ್ತು ಎಷ್ಟು ಹೇರಿದ್ದಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂಬತ್ತು ಟನ್‌ಗೆ ನೋಂದಣಿಯಾದ ಗಾಡಿಯಲ್ಲಿ ನಾಲ್ಕು ಮೂಟೆ ಭತ್ತ ಇದ್ದರೂ ಅದು ಮಿತಿಯ ಹೊರಗಿನ ಗಾಡಿಯೇ.

ವಯಸ್ಸಿನ ವಿಚಾರದಲ್ಲೂ ಒಂದು ಎಚ್ಚರಿಕೆ ಬೇಕು. ಎಲ್‌ಎಂವಿ ಲೈಸೆನ್ಸ್ 18ಕ್ಕೆ ಸಿಗುತ್ತದೆ. ಆದರೆ 20 ತುಂಬದವರು ಟ್ರಾನ್ಸ್‌ಪೋರ್ಟ್ ವಾಹನ ಓಡಿಸಬಾರದು ಅನ್ನುವ ಮಾತು ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಹಾಗೇ ಇದೆ. ಹೆಚ್ಚಿನ ಷರತ್ತುಗಳು ದೊಡ್ಡ ಗಾಡಿಗೆ ಮಾತ್ರ ಅಂತ ತೀರ್ಪು ಹೇಳಿದ್ದರೂ, 18ರ ಹುಡುಗನನ್ನು ಬಾಡಿಗೆ ಪಿಕಪ್‌ಗೆ ಹತ್ತಿಸುವ ಮಾಲೀಕ ಮುಂದೊಂದು ದಿನ ಕೋರ್ಟಿನಲ್ಲಿ ಈ ಸೆಕ್ಷನ್ನಿಗೆ ಉತ್ತರ ಕೊಡಬೇಕಾಗಿ ಬರಬಹುದು. ಎರಡು ವರ್ಷ ಕಾಯುವುದೇ ಕ್ಷೇಮ.

ದೊಡ್ಡ ಗಾಡಿಗೆ ಹಳೆಯ ದಾರಿಯೇ

ಏಳೂವರೆ ಟನ್ ದಾಟಿದ ಗಾಡಿಗೆ, ಜನ ಹೆವಿ ಲೈಸೆನ್ಸ್ ಅನ್ನುತ್ತಾರಲ್ಲ, ಅದೇ ಬೇಕು. ಆ ದಾರಿಯಲ್ಲಿ ಬದಲಾದದ್ದು ಕಡಿಮೆ.

18 ತುಂಬಿದ ಮೇಲೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ತೆಗೆದುಕೊಂಡು, ಕನಿಷ್ಠ 30 ದಿನ ಕಳೆದ ಮೇಲೆ ಟೆಸ್ಟ್ ಕೊಟ್ಟು ಮೊದಲು ಎಲ್‌ಎಂವಿ ಲೈಸೆನ್ಸ್ ಪಡೆಯಬೇಕು. ಅದು ಕೈಯಲ್ಲಿ ಒಂದು ವರ್ಷ ಇರಬೇಕು. ವಯಸ್ಸು 20 ತುಂಬಿರಬೇಕು. ಇವೆರಡೂ ಕೂಡಿದ ಮೇಲಷ್ಟೇ ಟ್ರಾನ್ಸ್‌ಪೋರ್ಟ್ ವಾಹನದ ಎಲ್‌ಎಲ್ ಸಿಗುತ್ತದೆ. ಇದಕ್ಕೆ ವೈದ್ಯರ ಸಹಿಯಿರುವ ಫಾರ್ಮ್ 1ಎ ಬೇಕು. ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದಾ, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ಗೊತ್ತಾಗುತ್ತದಾ, ಇರುಳುಗುರುಡು ಇದೆಯಾ, ಕಿವಿ ಸರಿ ಕೇಳುತ್ತದಾ ಅನ್ನುವುದನ್ನೆಲ್ಲ ವೈದ್ಯರು ಅದರಲ್ಲಿ ಬರೆಯಬೇಕು. ನೋಡದೆಯೇ ಸಹಿ ಹಾಕಿಸಿಕೊಳ್ಳುವುದು ಸುಲಭ ಅನ್ನಿಸಬಹುದು. ಆದರೆ ರಾತ್ರಿ ಪಾಳಿಯಲ್ಲೇ ಹೆಚ್ಚು ಓಡುವ ನಮ್ಮ ಲಾರಿಗಳಿಗೆ ಇರುಳುಗುರುಡಿನ ಆ ಒಂದು ಸಾಲು ಜೀವದ ಪ್ರಶ್ನೆ.

ಆಮೇಲೆ ಮಾನ್ಯತೆ ಇರುವ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತದ್ದಕ್ಕೆ ಫಾರ್ಮ್ 5 ಸರ್ಟಿಫಿಕೇಟ್. ಕಾರಿನ ಲೈಸೆನ್ಸಿಗೆ ಸ್ವಂತವಾಗಿ ಕಲಿತು ಟೆಸ್ಟ್ ಕೊಡಬಹುದು, ದೊಡ್ಡ ಗಾಡಿಗೆ ಆಗುವುದಿಲ್ಲ. ನಿಯಮದ ಪ್ರಕಾರ ಈ ತರಬೇತಿ ಕನಿಷ್ಠ 30 ದಿನದ್ದು, ಅದರಲ್ಲಿ ಕನಿಷ್ಠ 15 ಗಂಟೆ ಸ್ಟೇರಿಂಗ್ ಹಿಡಿದು ಓಡಿಸಿರಬೇಕು. ಕೊನೆಗೆ ಅದೇ ವರ್ಗದ ಗಾಡಿಯಲ್ಲಿ ಟೆಸ್ಟ್.

ಓದಿನ ಷರತ್ತು ಮಾತ್ರ ಹೋಗಿದೆ. ಮೊದಲು 8ನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆಯಿತು. ಶಾಲೆ ಅರ್ಧಕ್ಕೇ ಬಿಟ್ಟು ಕ್ಲೀನರ್ ಆಗಿ ಸೇರುವವರು ಇರುವ ಈ ಭಾಗಕ್ಕೆ ಇದು ದೊಡ್ಡ ಬದಲಾವಣೆ. ಕೈಯಲ್ಲಿ ಕಸುಬು ಇದ್ದೂ ಮಾರ್ಕ್ಸ್ ಕಾರ್ಡ್ ಇಲ್ಲದೆ ಹೊರಗೆ ಉಳಿದವರಿಗೆ ಕಾನೂನಿನ ಬಾಗಿಲು ತೆರೆದಂತಾಯಿತು. ನಕಲಿ ಸರ್ಟಿಫಿಕೇಟ್ ಮಾಡಿಸುವ ಒಂದು ಕಾರಣವೂ ತಪ್ಪಿತು.

'ಟೆಸ್ಟ್ ಇಲ್ಲ' ಅನ್ನುವ ಸುದ್ದಿಯ ಮೂಲ

2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರಗಳ ನಿಯಮ ತಂದಿತು. ಆ ವರ್ಷದ ಜುಲೈ 1ರಿಂದ ಅವು ಜಾರಿಗೆ ಬಂದವು. ಇಂಥ ಕೇಂದ್ರದಲ್ಲಿ ಪೂರ್ತಿ ಕೋರ್ಸ್ ಮುಗಿಸಿ ಅಲ್ಲಿನ ಪರೀಕ್ಷೆ ಪಾಸಾದರೆ ಫಾರ್ಮ್ 5ಬಿ ಸಿಗುತ್ತದೆ. ಅದು ಇದ್ದವರಿಗೆ ಆರ್‌ಟಿಒ ಮುಂದೆ ಓಡಿಸಿ ತೋರಿಸುವ ಟೆಸ್ಟ್‌ನಿಂದ ವಿನಾಯಿತಿ. ಮೂರು ವರ್ಷ ಆದಮೇಲೆ, "2024ರ ಜೂನ್ 1ರಿಂದ ಆರ್‌ಟಿಒ ಟೆಸ್ಟ್ ರದ್ದು" ಅಂತ ಇದೇ ನಿಯಮ ಹೊಸ ಸುದ್ದಿಯ ವೇಷದಲ್ಲಿ ಹರಡಿತು. ಅಂಥ ಯಾವ ಬದಲಾವಣೆಯೂ ಇಲ್ಲ ಎಂದು ಸಚಿವಾಲಯವೇ ಆಗ ಸ್ಪಷ್ಟನೆ ಕೊಟ್ಟಿತು.

ಫಾರ್ಮ್ 5 ಬೇರೆ, ಫಾರ್ಮ್ 5ಬಿ ಬೇರೆ. ಊರಿನ ಸಾಮಾನ್ಯ ಡ್ರೈವಿಂಗ್ ಸ್ಕೂಲ್ ಕೊಡುವುದು ಫಾರ್ಮ್ 5, ಅದರ ಜೊತೆಗೆ ಟೆಸ್ಟ್ ಕೊಡಲೇಬೇಕು. 5ಬಿ ಕೊಡುವ ಕೇಂದ್ರಕ್ಕೆ ದೊಡ್ಡ ಗಾಡಿಯ ತರಬೇತಿಗಾದರೆ ಕನಿಷ್ಠ ಎರಡು ಎಕರೆ ಜಾಗ, ಸಿಮ್ಯುಲೇಟರ್ (ಕೂತಲ್ಲೇ ಗಾಡಿ ಓಡಿಸಿದ ಅನುಭವ ಕೊಡುವ ಯಂತ್ರ), ಟೆಸ್ಟ್ ಟ್ರ್ಯಾಕ್ ಇರಬೇಕು. ದೊಡ್ಡ ಗಾಡಿಯ ಕೋರ್ಸ್ ಆರು ವಾರ, ಒಟ್ಟು 38 ಗಂಟೆ, ಪಾಠವೂ ಓಡಿಸುವುದೂ ಸೇರಿ. "ಸರ್ಟಿಫಿಕೇಟ್ ಮಾಡಿಸಿ ಕೊಡ್ತೀವಿ, ಟೆಸ್ಟ್ ಬೇಡ" ಅಂತ ಯಾರಾದರೂ ದುಡ್ಡು ಕೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಫಾರ್ಮ್?

ಈ ವ್ಯವಸ್ಥೆ ಬಗ್ಗೆ ಅಭಿಪ್ರಾಯ ಒಂದೇ ಇಲ್ಲ. ಆರ್‌ಟಿಒ ಟೆಸ್ಟ್‌ನಲ್ಲಿ ಕೆಲವೇ ನಿಮಿಷ ಓಡಿಸಿ ತೋರಿಸುವುದಕ್ಕಿಂತ ಆರು ವಾರದ ಕಲಿಕೆ ಮೇಲು ಅನ್ನುವುದು ಸರ್ಕಾರದ ಕಡೆಯ ವಾದ. ಅದರಲ್ಲಿ ಹುರುಳಿದೆ. ಕಲಿಸುವವರೇ ಪಾಸು ಮಾಡುವವರೂ ಆದರೆ ತಪಾಸಣೆ ಸಡಿಲವಾಗುತ್ತದೆ ಅನ್ನುವುದು ಎದುರು ವಾದ. ಅದನ್ನೂ ತಳ್ಳಿಹಾಕಲಾಗದು. ಸಣ್ಣ ಡ್ರೈವಿಂಗ್ ಸ್ಕೂಲ್ ನಡೆಸುವವರಿಗೆ ಎರಡು ಎಕರೆ ಜಾಗ, ಸಿಮ್ಯುಲೇಟರ್ ಎಟುಕುವ ಮಾತಲ್ಲ. ದಿನಗೂಲಿ ಬಿಟ್ಟು ಆರು ವಾರ ಕೂರುವುದು ಕ್ಲೀನರ್ ಹುಡುಗನಿಗೂ ಕಷ್ಟವೇ.

ಕಲಿಯುವುದು ಒಂದು ಕಡೆ, ಕಾಗದ ಇನ್ನೊಂದು ಕಡೆ

ಈ ಚರ್ಚೆಯ ಗಟ್ಟಿ ಭಾಗ ಇಲ್ಲಿದೆ, ಇದರ ಬಗ್ಗೆ ಮಾತು ಕಡಿಮೆ. ನಮ್ಮಲ್ಲಿ ದೊಡ್ಡ ಗಾಡಿ ಕಲಿಯುವುದು ಬಹುಪಾಲು ಸ್ಕೂಲಿನಲ್ಲಲ್ಲ, ಲಾರಿಯಲ್ಲೇ. ಹುಡುಗ ಕ್ಲೀನರ್ ಆಗಿ ಹತ್ತುತ್ತಾನೆ. ಟಾರ್ಪಾಲ್ ಕಟ್ಟುತ್ತಾನೆ, ಗಾಲಿಗೆ ಕಲ್ಲು ಕೊಡುತ್ತಾನೆ, ಟೈರ್ ಬಡಿದು ಗಾಳಿ ನೋಡುತ್ತಾನೆ, ಹಿಂದೆ ನಿಂತು "ಬರ್ಲಿ, ಬರ್ಲಿ" ಅಂತ ರಿವರ್ಸ್ ಹೇಳುತ್ತಾನೆ. ಕೆಲವು ತಿಂಗಳು ಕಳೆದ ಮೇಲೆ ಪ್ಲಾಂಟಿನ ಯಾರ್ಡಿನೊಳಗೆ ಗಾಡಿ ಹಿಂದೆ ಮುಂದೆ ಮಾಡುತ್ತಾನೆ. ಆಮೇಲೆ ಒಂದು ರಾತ್ರಿ, ಡ್ರೈವರಣ್ಣನಿಗೆ ನಿದ್ದೆ ಎಳೆದಾಗ, ಹೈವೇಯಲ್ಲಿ ಸ್ಟೇರಿಂಗ್ ಅವನ ಕೈಗೆ ಬರುತ್ತದೆ.

ಕಸುಬು ಕಲಿಸುವ ದೃಷ್ಟಿಯಿಂದ ಈ ಪದ್ಧತಿಯಲ್ಲಿ ಒಳ್ಳೆಯದು ಬಹಳ ಇದೆ. ಭಾರ, ರಸ್ತೆ, ಇಂಜಿನ್ನಿನ ಸದ್ದು, ಇವನ್ನು ಯಾವ 15 ಗಂಟೆಯ ಕೋರ್ಸೂ ಹೀಗೆ ಕಲಿಸಲಾರದು. ಕೆಟ್ಟದ್ದು ಏನಂದರೆ, ಈ ಕಲಿಕೆ ಪೂರ್ತಿ ಕಾನೂನಿನ ಹೊರಗೆ ನಡೆಯುತ್ತದೆ. ಕಾನೂನು ಕೇಳುವ ತರಬೇತಿ ಎಷ್ಟೋ ಸಲ ಕಾಗದದಲ್ಲೇ ಮುಗಿಯುತ್ತದೆ. ನಿಜವಾದ ತರಬೇತಿಗೆ ಕಾಗದವೇ ಇರುವುದಿಲ್ಲ.

ಇವೆರಡನ್ನೂ ಕೂಡಿಸುವ ದಾರಿ ಕಾನೂನಿನಲ್ಲಿ ಈಗಾಗಲೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ನೋಡಿ. ಎಲ್‌ಎಲ್ ಇರುವವನು ಗಾಡಿ ಓಡಿಸಬಹುದು. ಆದರೆ ಆ ಗಾಡಿಯ ಲೈಸೆನ್ಸ್ ಇರುವವರು ಕಲಿಸುವವರಾಗಿ ಪಕ್ಕದಲ್ಲಿ, ಬೇಕಾದಾಗ ಗಾಡಿ ಹಿಡಿತಕ್ಕೆ ತರುವಂತೆ ಇಲ್ಲವೇ ನಿಲ್ಲಿಸುವಂತೆ ಕೂತಿರಬೇಕು. ಗಾಡಿಯ ಹಿಂದೆ ಮುಂದೆ ಕೆಂಪು 'ಎಲ್' ಇರಬೇಕು. ಅಂದರೆ 20 ತುಂಬಿದ, ಎಲ್‌ಎಂವಿ ಲೈಸೆನ್ಸಿಗೆ ವರ್ಷ ಆದ ಕ್ಲೀನರ್ ಟ್ರಾನ್ಸ್‌ಪೋರ್ಟ್ ಎಲ್‌ಎಲ್ ಮಾಡಿಸಿಕೊಂಡರೆ, ಡ್ರೈವರ್ ಪಕ್ಕದಲ್ಲಿ ಎಚ್ಚರವಾಗಿ ಕೂತಿದ್ದರೆ, ಅವನ ಕಲಿಕೆ ಕಾನೂನಿನ ಒಳಗೆ ಬರುತ್ತದೆ. ಡ್ರೈವರ್ ಹಿಂದಿನ ಬರ್ತ್‌ನಲ್ಲಿ ಮಲಗಿದ್ದರೆ ಬರುವುದಿಲ್ಲ.

ಇನ್ನೂ ಒಂದು ಮುಖ್ಯ ಷರತ್ತಿದೆ, ಅದು ವಿಮೆ ಕಾಗದದಲ್ಲಿ ಇರುವುದು. ಸರಕು ವಾಹನದ ಪಾಲಿಸಿಯಲ್ಲಿ 'ಡ್ರೈವರ್ಸ್ ಕ್ಲಾಝ್', ಅಂದರೆ ಗಾಡಿ ಯಾರು ಓಡಿಸಬಹುದು ಅನ್ನುವ ಷರತ್ತು, ಅಂತ ಸಣ್ಣ ಅಕ್ಷರದ ಒಂದು ಪ್ಯಾರಾ ಇರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಎಲ್‌ಎಲ್ ಇರುವವರು 3ನೇ ನಿಯಮ ಪಾಲಿಸಿ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಗಾಡಿ ಸರಕು ಸಾಗಿಸುತ್ತಿರಬಾರದು ಅನ್ನುತ್ತದೆ ಅದು. ಸರಳವಾಗಿ ಹೇಳಿದರೆ, ಖಾಲಿ ಗಾಡಿಯಲ್ಲಿ ಕಲಿಯಬಹುದು, ಲೋಡ್ ಗಾಡಿಯಲ್ಲಿ ಆಗದು.

ನಮ್ಮ ಸೀಮೆಗೆ ಈ ಸಾಲು ಬಹಳ ಉಪಯೋಗದ್ದು. ಅದಿರು ಲಾರಿ ಒಂದು ಕಡೆ ಲೋಡ್ ಹೋದರೆ ಇನ್ನೊಂದು ಕಡೆ ಖಾಲಿ ಬರುತ್ತದೆ. ತೋರಣಗಲ್ಲಿನಲ್ಲಿ ಅನ್‌ಲೋಡ್ ಮಾಡಿ ಸಂಡೂರಿಗೆ ವಾಪಸ್ ಬರುವ ಆ ಖಾಲಿ ಟ್ರಿಪ್‌ನಲ್ಲಿ, ಹಗಲು ಹೊತ್ತಿನಲ್ಲಿ, ಡ್ರೈವರ್ ಪಕ್ಕ ಕೂತು ಕಲಿಸಿದರೆ ಕಾನೂನಿನ ಅಡ್ಡಿಯೂ ಇಲ್ಲ, ವಿಮೆಯ ತಕರಾರೂ ಇಲ್ಲ. ಈಗ ನಡೆಯುತ್ತಿರುವುದು ಬಹಳ ಕಡೆ ಇದರ ಉಲ್ಟಾ: ಲೋಡ್ ಗಾಡಿ, ರಾತ್ರಿ ಹೊತ್ತು, ಡ್ರೈವರ್ ನಿದ್ದೆಯಲ್ಲಿ. ಮಾಲೀಕರು ತಮ್ಮ ಡ್ರೈವರ್‌ಗಳಿಗೆ ಈ ಒಂದು ಮಾತನ್ನು ಖಡಕ್ಕಾಗಿ ಹೇಳಿದರೂ ಎಷ್ಟೋ ಜೀವ ಉಳಿಯುತ್ತವೆ.

ಕ್ಲೀನರ್ ಇನ್ನೂ 18 ತುಂಬದ ಹುಡುಗನಾದರೆ ವಿಷಯ ಬೇರೆಯೇ. 2019ರ ತಿದ್ದುಪಡಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಡ್ರೈವರ್ ಆಗಬೇಕು ಅಂತಲೇ ಕ್ಲೀನರ್ ಕೆಲಸಕ್ಕೆ ಬಂದವನ ಕಸುಬು ಶುರುವಾಗುವ ಮೊದಲೇ ಏಳೆಂಟು ವರ್ಷ ಮುಚ್ಚಿಹೋಗುತ್ತದೆ.

ಲೈಸೆನ್ಸ್ ಇಲ್ಲದಿದ್ದರೆ ಬಿಲ್ಲು ಯಾರ ತಲೆಗೆ?

ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ ದಂಡ, ಓಡಿಸಲು ಬಿಟ್ಟ ಮಾಲೀಕನಿಗೂ ಅಷ್ಟೇ ದಂಡ. ಇದು ಎಲ್ಲರಿಗೂ ಕಾಣುವ ಲೆಕ್ಕ. ಮನೆ ಮುಳುಗಿಸುವ ಲೆಕ್ಕ ಬೇರೆ ಇದೆ.

ಅಪಘಾತದಲ್ಲಿ ಯಾರಾದರೂ ತೀರಿಹೋದರೆ ಅವರ ಮನೆಯವರಿಗೆ ಪರಿಹಾರ ಸಿಗಲೇಬೇಕು, ತಪ್ಪು ಅವರದ್ದಲ್ಲ. ಹಾಗಾಗಿ ಡ್ರೈವರ್ ಬಳಿ ಸರಿಯಾದ ಲೈಸೆನ್ಸ್ ಇಲ್ಲದಿದ್ದರೂ, ಎಷ್ಟೋ ಪ್ರಕರಣಗಳಲ್ಲಿ ಕೋರ್ಟು ವಿಮಾ ಕಂಪನಿಗೆ "ಮೊದಲು ನೀವು ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ" ಅನ್ನುತ್ತದೆ. ನೊಂದವರಿಗೆ ಇದು ನ್ಯಾಯ. ಮಾಲೀಕನಿಗೆ ಮಾತ್ರ ಪ್ರೀಮಿಯಂ ಕಟ್ಟಿದ್ದೂ ವ್ಯರ್ಥ. ಪರಿಹಾರದ ಮೊತ್ತ ಸುಲಭವಾಗಿ ಲಕ್ಷಗಟ್ಟಲೆ ಹೋಗುತ್ತದೆ. ತನ್ನ ಗಾಡಿಯ ರಿಪೇರಿಗೂ ಕ್ಲೇಮ್ ಸಿಗುವುದಿಲ್ಲ. ಹತ್ತಾರು ಗಾಡಿ ಇರುವ ಸಾಹುಕಾರ ಹೇಗೋ ತಡೆದುಕೊಂಡಾನು. ಸಾಲ ಮಾಡಿ ಒಂದೇ ಟಿಪ್ಪರ್ ಇಟ್ಟುಕೊಂಡು, ತಿಂಗಳ ಕಂತು ಕಟ್ಟುತ್ತಾ ಇರುವವರೂ ನಮ್ಮಲ್ಲಿ ಇದ್ದಾರೆ. ಅವರಿಗೆ ಗಾಡಿಯ ಜೊತೆ ಹೊಲವೂ ಹೋಗುವ ಹೊಡೆತ ಇದು.

ಮಾಲೀಕನಿಗೆ ರಕ್ಷಣೆಯೇ ಇಲ್ಲ ಅಂತಲೂ ಅಲ್ಲ. ಲೈಸೆನ್ಸ್ ನೋಡಿ, ಓಡಿಸುವುದನ್ನೂ ಪರೀಕ್ಷಿಸಿ, ಎಚ್ಚರ ವಹಿಸಿಯೇ ಕೆಲಸಕ್ಕೆ ಇಟ್ಟುಕೊಂಡಿದ್ದರೆ, ಮುಂದೆ ಆ ಲೈಸೆನ್ಸ್ ನಕಲಿ ಅಂತ ಗೊತ್ತಾದ ಮಾತ್ರಕ್ಕೆ ಮಾಲೀಕನ ಮೇಲೆ ಹೊಣೆ ಹೊರಿಸಲಾಗದು ಅನ್ನುವ ತತ್ವವನ್ನು ಸುಪ್ರೀಂ ಕೋರ್ಟ್ 2004ರಿಂದಲೂ ಹೇಳುತ್ತಾ ಬಂದಿದೆ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲ್‌ನಲ್ಲಿ ಲೈಸೆನ್ಸ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿದರೆ ಅದು ಅಸಲಿಯಾ, ಯಾವ ವರ್ಗದ್ದು, ಎಂದಿನವರೆಗೆ ಅನ್ನುವುದು ಮೊಬೈಲಿನಲ್ಲೇ ಕಾಣುತ್ತದೆ. ಕೆಲಸಕ್ಕೆ ಸೇರಿಸುವ ದಿನವೇ ನೋಡಿ ಒಂದು ಪ್ರತಿ ಇಟ್ಟುಕೊಂಡರೆ ಮುಂದೆ ಅದೇ ಸಾಕ್ಷಿ.

ಒಂದೇ ಕಾರ್ಡು, ಎರಡು ತಾರೀಖು

ಪೋರ್ಟಲ್‌ನಲ್ಲಿ ನೋಡುವಾಗ ಕಣ್ಣು ತಪ್ಪುವ ಜಾಗ ಒಂದಿದೆ. ಹೆವಿ ಲೈಸೆನ್ಸ್ ಇರುವವರ ಕಾರ್ಡಿನಲ್ಲಿ ಎರಡು ಅವಧಿ ಇರುತ್ತವೆ: 'ಎನ್‌ಟಿ' ಅಂದರೆ ಸ್ವಂತ ಬಳಕೆಯ ಗಾಡಿಗೆ, 'ಟಿಆರ್' ಅಂದರೆ ಟ್ರಾನ್ಸ್‌ಪೋರ್ಟ್‌ಗೆ. 30 ತುಂಬುವ ಮೊದಲು ಲೈಸೆನ್ಸ್ ಪಡೆದವರಿಗೆ ಎನ್‌ಟಿ ಅವಧಿ 40 ವರ್ಷ ವಯಸ್ಸಿನವರೆಗೂ ಇರಬಹುದು. ಟಿಆರ್ ಅವಧಿ ಐದೇ ವರ್ಷ. 2019ಕ್ಕೆ ಮುಂಚೆ ಇದು ಮೂರೇ ವರ್ಷ ಇತ್ತು. ದೂರದ ತಾರೀಖು ನೋಡಿ ಇನ್ನೂ ಟೈಮ್ ಇದೆ ಅಂದುಕೊಂಡರೆ ಹತ್ತಿರದ್ದು ಮುಗಿದುಹೋಗಿರುತ್ತದೆ.

ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತದೆ ಅನ್ನುವ ಹಳೆಯ ಸೌಲಭ್ಯವನ್ನು 2019ರ ತಿದ್ದುಪಡಿ ತೆಗೆದುಹಾಕಿತು. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್. ಇಪ್ಪತ್ತು ವರ್ಷ ಓಡಿಸಿದವರೂ ಹೊಸಬರ ಸಾಲಿನಲ್ಲಿ ನಿಲ್ಲಬೇಕು.

ಗ್ಯಾಸ್, ಪೆಟ್ರೋಲ್, ಆ್ಯಸಿಡ್ ಸಾಗಿಸುವವರಿಗೆ ನಿಯಮ ಇನ್ನೂ ಬಿಗಿ. ಮೂರು ದಿನದ ಪ್ರತ್ಯೇಕ ತರಬೇತಿ, ಲೈಸೆನ್ಸ್ ಮೇಲೆ ಅದರ ನಮೂದು, ಭಾರತೀಯ ಭಾಷೆಯೊಂದರ ಜೊತೆ ಇಂಗ್ಲಿಷ್ ಕೂಡ ಓದಿ ಬರೆಯಲು ಬರಬೇಕು. ಅವಧಿ ಮೂರು ವರ್ಷ, ನವೀಕರಣಕ್ಕೆ ಒಂದು ದಿನದ ಮರುತರಬೇತಿ. 7,500 ಕೆ.ಜಿ. ತೀರ್ಪಿನ ಹೆಸರು ಹೇಳಿ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಣ್ಣ ಗಾಡಿಯಲ್ಲಿ ಅಪಾಯದ ಸರಕು ಹಾಕಿದರೂ ಈ ಷರತ್ತು ಇದ್ದೇ ಇದೆ.

ಡ್ರೈವರ್ ಕೊರತೆಯ ಕಾಲದಲ್ಲಿ ಬಳ್ಳಾರಿ ಸೀಮೆ

ದೇಶದಲ್ಲಿ 22 ಲಕ್ಷ ನುರಿತ ಚಾಲಕರ ಕೊರತೆ ಇದೆ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2025ರಲ್ಲಿ ಹೇಳಿದ್ದಾರೆ. ಹಂತಹಂತವಾಗಿ 1,600 ತರಬೇತಿ ಕೇಂದ್ರಗಳನ್ನು ತೆರೆಯುವ ಯೋಜನೆಯನ್ನೂ ಸರ್ಕಾರ ಮುಂದಿಟ್ಟಿದೆ. ಕೊರತೆ ಹೆಚ್ಚಾದಷ್ಟೂ ಎರಡು ಕಡೆಯಿಂದ ಒತ್ತಡ ಬರುತ್ತದೆ. ಡ್ರೈವರ್ ಸಿಗದ ಮಾಲೀಕ ಅರ್ಧ ಕಲಿತವನಿಗೆ ಕೀಲಿ ಕೊಡುತ್ತಾನೆ. ಸಿಕ್ಕ ಡ್ರೈವರ್ ಇಬ್ಬರ ಕೆಲಸ ಒಬ್ಬನೇ ಮಾಡಿ ನಿದ್ದೆಗೆಡುತ್ತಾನೆ.

ಬಳ್ಳಾರಿಗೆ ಇದರಲ್ಲಿ ತನ್ನದೇ ಒಂದು ಕಥೆ ಇದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲಾರಿಗಳು ಸಾಲುಸಾಲಾಗಿ ನಿಂತವು. ಡ್ರೈವರ್‌ಗಳು ಬೇರೆ ಕೆಲಸ ಹುಡುಕಿಕೊಂಡು ಊರು ಬಿಟ್ಟರು, ಕ್ಲೀನರ್‌ಗಳ ಒಂದು ಪೀಳಿಗೆಗೆ ಕಲಿಯುವ ಜಾಗವೇ ಇಲ್ಲವಾಯಿತು. ಆಮೇಲೆ ಗಣಿಗಳು ಮಿತಿಯೊಳಗೆ ತೆರೆದವು. 2022ರಲ್ಲಿ ಬಳ್ಳಾರಿ ಭಾಗದ ವಾರ್ಷಿಕ ಮಿತಿ 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿತು. ಕನ್ವೇಯರ್ ಮತ್ತು ರೈಲು ಒಂದಷ್ಟು ಭಾರ ಹೊತ್ತರೂ ಉಳಿದದ್ದು ಲಾರಿಯ ಪಾಲೇ. ಅಂದರೆ ಬೇಡಿಕೆ ಇದೆ, ದುಡಿಯುವ ಹುಡುಗರಿದ್ದಾರೆ, ನಡುವೆ ಬೇಕಿರುವುದು ನೆಟ್ಟಗೆ ಕಲಿಸುವ ವ್ಯವಸ್ಥೆ.

ಷರತ್ತುಗಳನ್ನು ಇನ್ನಷ್ಟು ಬಿಗಿ ಮಾಡಿದರೆ ಕಾಗದದ ವ್ಯಾಪಾರ ಬೆಳೆಯುತ್ತದೆ. ಸಡಿಲ ಬಿಟ್ಟರೆ ರಸ್ತೆಯಲ್ಲಿ ಹೆಣ ಬೀಳುತ್ತವೆ. ಇರುವ ಷರತ್ತನ್ನೇ ನಿಜ ಮಾಡಲು ಜಾಗ ಬೇಕು, ಟ್ರ್ಯಾಕ್ ಬೇಕು, ಕಲಿಯುವ ಆರು ವಾರ ಹುಡುಗನ ಮನೆ ನಡೆಯಲು ಒಂದಿಷ್ಟು ದುಡ್ಡು ಬೇಕು.

ದುಡ್ಡಿನ ಮೂಲ ಹುಡುಕಲು ದೂರ ಹೋಗಬೇಕಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಗಣಿ ಗುತ್ತಿಗೆದಾರರು ರಾಜಧನದ ಜೊತೆ ಇದಕ್ಕೂ ಹಣ ಕಟ್ಟಬೇಕು. ಆ ಹಣವನ್ನು ಗಣಿಯಿಂದ ಬಾಧಿತವಾದ ಊರುಗಳಿಗೆ ಖರ್ಚು ಮಾಡಬೇಕು. ಅದರ ಆದ್ಯತೆಯ ಬಾಬತ್ತುಗಳಲ್ಲಿ ಕೌಶಲ ತರಬೇತಿಯೂ ಇದೆ. ಸಂಡೂರಿನ ಧೂಳು ಕುಡಿಯುವ ಊರುಗಳ ಹುಡುಗರೇ ಆ ರಸ್ತೆಯ ಲಾರಿಗಳಲ್ಲಿ ಕ್ಲೀನರ್‌ಗಳಾಗಿರುವಾಗ, ಎರಡು ಎಕರೆಯ ಒಂದು ಟ್ರ್ಯಾಕಿಗೆ, ನಾಲ್ಕು ಕಲಿಕೆಯ ಲಾರಿಗೆ, ಭತ್ಯೆ ಸಹಿತ ಕೋರ್ಸಿಗೆ ಈ ಹಣ ಬಳಸಿ ಎಂದು ಕೇಳುವ ಹಕ್ಕು ಅವರಿಗೂ ಅವರ ಗ್ರಾಮ ಪಂಚಾಯಿತಿಗಳಿಗೂ ಇದೆ. ಕಲಿತವರು ಕೊಪ್ಪಳದವರಾದರೂ ರಾಯಚೂರಿನವರಾದರೂ ತೊಂದರೆ ಇಲ್ಲ. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸಿಗೆ ರಾಜ್ಯದೊಳಗಿನ ಯಾವ ಆರ್‌ಟಿಒ ಕಚೇರಿಯಲ್ಲಾದರೂ ಅರ್ಜಿ ಹಾಕಬಹುದು.